ಮಗಳ ದೂರು, ಅಪ್ಪನ ರಾಜಿ

ಬನಹಟ್ಟಿಯ ಸಾತಪ್ಪನಿಗೆ ಸಿಟ್ಟು ಬಂದರೆ ಮೊದಲು ಮಗ್ಗ ನಿಲ್ಲುತ್ತದೆ. ಬೇರೆಯವರು ಸಿಟ್ಟು ಬಂದ ಕೂಡಲೇ ಬೈಯುತ್ತಾರೆ. ಇವನು ಹಾಗಲ್ಲ, ಸ್ವಿಚ್ಚು ಆರಿಸಿ ಆಮೇಲೆ ಬಾಯಿ ತೆರೆಯುತ್ತಾನೆ. ಪಾವರ್‌ಲೂಮು ಓಡುವ ಕೋಣೆಯಲ್ಲಿ ಎಷ್ಟು ಬೈದರೂ ಬೈಸಿಕೊಂಡವನಿಗೆ ಕೇಳಿಸದಿದ್ದರೆ ಏನು ಸುಖ? ಓಣಿಯವರಿಗೂ ಇದು ಗೊತ್ತು. ಹೊತ್ತಲ್ಲದ ಹೊತ್ತಿನಲ್ಲಿ ಅವನ ಮನೆಯ ಸಪ್ಪಳ ನಿಂತಿತೆಂದರೆ, “ಕರೆಂಟ್ ಹೋತೋ, ಸಾತಪ್ಪಗ ಸಿಟ್ಟ ಬಂತೋ” ಎಂದು ಬಾಗಿಲಿಗೆ ಬಂದು ನೋಡುತ್ತಾರೆ.

ನಾಲ್ಕನೆಯ ಇಯತ್ತೆಗೆ ಸಾಲಿ ಬಿಟ್ಟವನು ಸಾತಪ್ಪ. ಬಿಟ್ಟನೆನ್ನುವುದಕ್ಕಿಂತ ಅವನಪ್ಪ ಬಿಡಿಸಿದ. ಅಂದಿನಿಂದ ನೂಲಿನ ನಡುವೆಯೇ ಬೆಳೆದ. ಸೀರೆ ನೇಯುತ್ತ ನೇಯುತ್ತ ಕಿವಿ ಮಂದವಾಯಿತು, ದನಿ ದೊಡ್ಡದಾಯಿತು. ಮಹಾಲಿಂಗಪುರದ ತಾರವ್ವನನ್ನು ಮದುವೆಯಾದ. ಇರುವವಳು ಒಬ್ಬಳೇ ಮಗಳು, ಅಂಜನಾ. ಆಕೆಯ ಮೇಲೆ ಮಾತ್ರ ಅವನು ಒಮ್ಮೆಯೂ ದನಿ ಎತ್ತಿರಲಿಲ್ಲ. ಎತ್ತುವ ಪ್ರಸಂಗವೇ ಬರಲಿಲ್ಲ ಎಂದು ಅವನು ಹೇಳುತ್ತಾನೆ. ಎತ್ತಿದರೆ ಆಕೆ ತಿರುಗಿ ಹೇಳುವ ಮಾತಿಗೆ ಅವನ ಹತ್ತಿರ ಉತ್ತರ ಇರುವುದಿಲ್ಲ ಎಂದು ತಾರವ್ವ ಹೇಳುತ್ತಾಳೆ.

ಅಂಜನಾ ಜಮಖಂಡಿಯ ಕಾಲೇಜಿನಲ್ಲಿ ಎಂ.ಕಾಂ. ಓದುತ್ತಿದ್ದಳು. ದಿನವೂ ಬಸ್ಸಿನಲ್ಲಿ ಹೋಗಿ ಬರುವುದು. ಕಡೆಯ ವರ್ಷ ಒಂದು ಪ್ರೊಜೆಕ್ಟ್ ಬರೆಯಬೇಕು, ಅದಕ್ಕೊಬ್ಬ ಗೈಡ್ ಇರಬೇಕು. ಗೈಡ್ ಆಗಿ ಬಂದವನು ರಬಕವಿಯ ಮಾಂತೇಶ. ನೇಕಾರರ ಪೈಕಿಯವನೇ, ಅರಿವೆ ವ್ಯಾಪಾರಿಯ ಮಗ, ಕಲಿತು ಲೆಕ್ಚರರ್ ಆದವನು. ಇದನ್ನು ಕೇಳಿ ಎಲ್ಲರಿಗಿಂತ ಹೆಚ್ಚು ಖುಷಿಪಟ್ಟವನು ಸಾತಪ್ಪನೇ. ಪಕ್ಕದ ಮನೆಯ ಹಣಮಂತನ ಮುಂದೆ, “ನಮ್ಮ ಹುಡುಗಿ ನಮ್ಮವನ ಕೈಯಾಗ ಅದಾಳಲೇ, ಇನ್ನ ಕಾಳಜಿ ಇಲ್ಲ” ಎಂದಿದ್ದ.

ಒಂದು ಮಧ್ಯಾಹ್ನ ಅಂಜನಾ ಬೇಗ ಮನೆಗೆ ಬಂದಳು. ತಾರವ್ವ ರಾಟಿಯ ಮುಂದೆ ಕೂತು ಕಂಡಿಕಿಗೆ ನೂಲು ಸುತ್ತುತ್ತಿದ್ದಳು. ಅಂಜನಾ ಅವಳ ಮಗ್ಗುಲಲ್ಲಿ ಕೂತು ಹೇಳಿದಳು. ಮಾಂತೇಶ ಸರ್ ಎರಡು ತಿಂಗಳಿಂದ ಫೋನಿಗೆ ಇಲ್ಲಸಲ್ಲದ ಮೆಸೇಜು ಕಳಿಸುತ್ತಿದ್ದಾನೆ. ಮೊನ್ನೆ ಪ್ರೊಜೆಕ್ಟ್ ತೋರಿಸಲು ಹೋದಾಗ ಬಾಗಿಲು ಮುಚ್ಚಿ ಕೈ ಹಿಡಿದು ಎಳೆದ. ಕೊಸರಿಕೊಂಡು ಹೊರಗೆ ಬಂದರೆ, “ಮಾರ್ಕ್ಸ್ ನನ್ನ ಕೈಯಾಗ ಅದಾವು” ಎಂದ.

ತಾರವ್ವ ಎದ್ದು ಮಗ್ಗದ ಕೋಣೆಗೆ ಹೋಗಿ ಗಂಡನ ಕಿವಿಯಲ್ಲಿ ಹೇಳಿದಳು. ಸಪ್ಪಳ ನಿಂತಿತು. ಹಣಮಂತ ಬಾಗಿಲಿಗೆ ಬರುವಷ್ಟರಲ್ಲಿ ಸಾತಪ್ಪ ಅಂಗಿಯ ಗುಂಡಿ ಕೂಡ ಹಾಕಿಕೊಳ್ಳದೆ ಬಸ್‌ಸ್ಟ್ಯಾಂಡಿನ ದಾರಿ ಹಿಡಿದಿದ್ದ.

ಜಮಖಂಡಿಯ ಕಾಲೇಜಿನ ಗೇಟಿನಲ್ಲಿ ನಿಂತು ಅವನು ಮಾಂತೇಶನ ಹೆಸರು ಹಿಡಿದು ಒದರಿದ. ಕಾವಲುಗಾರ ತಡೆದ. ಇವನು ಅವನನ್ನೇ ನೂಕಿದ. ಹುಡುಗರು ಸೇರಿದರು, ಕೆಲವರು ಫೋನ್ ಎತ್ತಿ ಹಿಡಿದರು. ಅಷ್ಟರಲ್ಲಿ ಒಬ್ಬ ಹೆಣ್ಣುಮಗಳು ಒಳಗಿನಿಂದ ಬಂದು ಫೋನ್ ಹಿಡಿದವರನ್ನು ಗದರಿ, ಸಾತಪ್ಪನನ್ನು ತನ್ನ ಕೋಣೆಗೆ ಕರೆದುಕೊಂಡು ಹೋದಳು. ಆಕೆ ಪೂರ್ಣಿಮಾ ಮೇಡಂ.

“ಮೊದಲ ನೀರ ಕುಡೀರಿ,” ಎಂದಳು. “ನಿಮ್ಮ ಮಗಳು ಮುಂಜಾನೇನ ದೂರ ಬರದ ಕೊಟ್ಟ ಹೋಗ್ಯಾಳ್ರಿ. ಇಂಥಾದ್ಕಂತನ ನಮ್ಮಲ್ಲಿ ಆಂತರಿಕ ದೂರು ಸಮಿತಿ ಅಂತ ಐತಿ. ನಾನ ಅಧ್ಯಕ್ಷೆ.”

ಸಾತಪ್ಪನಿಗೆ ಇದು ಹೊಸ ಸುದ್ದಿ. ಮಗಳು ಮನೆಯಲ್ಲಿ ಹೇಳುವ ಮೊದಲೇ ಇಲ್ಲಿ ಹೇಳಿದ್ದಾಳೆ! ಇದಕ್ಕೆ ಸಿಟ್ಟಾಗಬೇಕೋ ಬೇಡವೋ ಅವನಿಗೆ ತಿಳಿಯಲಿಲ್ಲ.

“ನಿಮ್ಮ ಸಮಿತಿ ಏನ ಮಾಡ್ತೈತ್ರಿ?”

“ವಿಚಾರಣೆ ಮಾಡ್ತೈತ್ರಿ. ದೂರಿಂದೊಂದ ಪ್ರತಿ ಅವರಿಗೆ ಕೊಡ್ತೇವಿ. ಅವರು ಉತ್ತರ ಕೊಡ್ತಾರ. ಆಮ್ಯಾಲ ಸಾಕ್ಷಿ…”

“ನಿಂದರ್ರಿ. ನಮ್ಮ ಹುಡುಗಿ ಬರದದ್ದನ್ನ ಅವಗ ಓದಾಕ ಕೊಡ್ತೀರಿ?”

“ಕೊಡಬೇಕ್ರಿ. ಅವರ ಮಾತೂ ಕೇಳಬೇಕಲ್ಲ.”

“ಅವನ ಮಾತ ಕೇಳೇ ಅಲ್ಲೇನ್ರಿ ಇಷ್ಟೆಲ್ಲಾ ಆಗಿದ್ದು!”

ಮೇಡಂ ನಗಲಿಲ್ಲ. ಮೂರು ತಿಂಗಳೊಳಗೆ ವಿಚಾರಣೆ ಮುಗಿಸುತ್ತೇವೆ, ಅಲ್ಲಿಯವರೆಗೆ ಅಂಜನಾಗೆ ಬೇರೆ ಗೈಡ್ ಕೊಡುತ್ತೇವೆ, ಮಾಂತೇಶ ಆಕೆಯ ಮಾರ್ಕ್ಸ್ ಮುಟ್ಟುವಂತಿಲ್ಲ ಎಂದಳು. ಕಡೆಗೆ ಇನ್ನೊಂದು ಮಾತು ಹೇಳಿದಳು. “ಇದನ್ನ ಹೊರಗ ಯಾರ ಮುಂದೂ ಆಡಬಾರದ್ರಿ. ನಿಮ್ಮ ಮಗಳ ಹೆಸರು, ಅವರ ಹೆಸರು, ಏನ ನಡೀತು ಅನ್ನೂದು, ಎಲ್ಲಾ ಗುಪ್ತ ಇರಬೇಕು. ಕಾಯ್ದೆ ಹಂಗೈತಿ.”

“ಹೊಲಸ ಕೆಲಸ ಮಾಡಿದಾಂವ ಅವ, ಬಾಯಿ ನಾ ಮುಚ್ಕೋಬೇಕು?”

“ಮಗಳ ಸಲುವಾಗಿ ಮುಚ್ಕೋರಿ.”

ತಿರುಗಿ ಬರುವಾಗ ಬಸ್ಸಿನ ತುಂಬ ಹೆಣ್ಣುಮಕ್ಕಳು. ಅವರೆಲ್ಲ ಆಧಾರ್ ಕಾರ್ಡು ತೋರಿಸಿ ಪುಕ್ಕಟೆ ಕೂತಿದ್ದರು, ಇವನು ಟಿಕೀಟು ತೆಗೆಸಿ ನಿಂತಿದ್ದ. ನಿಂತಲ್ಲೇ ವಿಚಾರ ಮಾಡಿದ. ಗುಟ್ಟಾಗಿ ಇಟ್ಟರೆ ಅವನಿಗೆ ಶಿಕ್ಷೆ ಆಗುವುದಾದರೂ ಹೇಗೆ? ನಾಲ್ಕು ಮಂದಿಯಲ್ಲಿ ತಲೆ ತಗ್ಗಿಸುವುದೇ ಅಲ್ಲವೇ ಶಿಕ್ಷೆ? ನಾಲ್ಕು ಮಂದಿಗೆ ಗೊತ್ತೇ ಆಗದಿದ್ದರೆ ತಗ್ಗಿಸುವುದು ಯಾರ ಮುಂದೆ? ಮೇಡಂ ಒಳ್ಳೆಯವಳ ಹಾಗೆ ಕಂಡಳು. ಆದರೆ ಆಕೆ ಹೇಳಿದ ನ್ಯಾಯ ಅವನ ತಲೆಗೆ ಇಳಿಯಲಿಲ್ಲ.

ಅವನಿಗೆ ಗೊತ್ತಿದ್ದ ನ್ಯಾಯ ಒಂದೇ, ಅದು ದೈವದ್ದು. ಆ ಕಡೆಯ ನೇಕಾರರಲ್ಲಿ ದೈವ ಎಂದರೆ ಗುಡಿಯೊಳಗಿನ ದೇವರಲ್ಲ, ಗುಡಿಯ ಮುಂದಿನ ಕಟ್ಟೆಯ ಮೇಲೆ ಕೂಡುವ ಸಮಾಜದ ಹಿರಿಯರು. ಗೋಡೆಯ ಜಗಳ, ಮದುವೆ ಮುರಿದ ಜಗಳ, ಅಣ್ಣತಮ್ಮರ ಪಾಲಿನ ಜಗಳ, ಎಲ್ಲಕ್ಕೂ ಅದೇ ಕಟ್ಟೆ. ತಪ್ಪಿದವನು ಎಲ್ಲರೆದುರು ಕಾಲು ಮುಟ್ಟಿ, ನೊಂದವನಿಗೆ ಶಾಲು ಹೊದಿಸಿ ಕಾಯಿ ಕೊಟ್ಟರೆ ಅಲ್ಲಿಗೆ ಮುಗಿಯಿತು. ಶಾಲು ಹೊದ್ದವನು ಮತ್ತೆ ಆ ಮಾತು ಎತ್ತುವಂತಿಲ್ಲ. ಎತ್ತಿದರೆ ಅವನು ದೈವದ ಮಾತು ಮುರಿದವನು. ಅವನ ಮನೆಯ ಕಾರ್ಯಕ್ಕೆ ಹಿರಿಯರು ಬರುವುದಿಲ್ಲ.

ಆದರೂ ಸಾತಪ್ಪ ತಡೆದುಕೊಂಡ. ಅವನ ಮಟ್ಟಿಗೆ ಅದೇ ದೊಡ್ಡದು. ಅಂಜನಾ ಎರಡು ಸಲ ಸಮಿತಿಯ ಮುಂದೆ ಹೋಗಿಬಂದಳು. “ಏನ ಕೇಳಿದ್ರವಾ?” ಎಂದರೆ, “ಹೊರಗ ಹೇಳಬಾರದಪಾ,” ಎಂದಳು. “ನಾ ಹೊರಗಿನಾಂವೇನ?” ಎಂದರೆ ಸುಮ್ಮನೆ ನಕ್ಕಳು. ಹೀಗೆ ದಿನ ಹೋದವು. ಒಮ್ಮೆ ನೂಲು ತರಲು ಪೇಟೆಗೆ ಹೋದಾಗ ಮಾಂತೇಶ ಇಸ್ತ್ರಿಯ ಬಿಳಿ ಅಂಗಿ ತೊಟ್ಟು, ಗಾಡಿಯ ಮೇಲೆ ಕೂತು, ಯಾರದೋ ಜೊತೆ ಚಹಾ ಕುಡಿಯುತ್ತ ಹಲ್ಲು ಕಿಸಿಯುತ್ತಿದ್ದುದನ್ನು ಕಂಡ. ಸಾತಪ್ಪ ನೂಲನ್ನು ಅಂಗಡಿಯಲ್ಲೇ ಬಿಟ್ಟು ನೆಟ್ಟಗೆ ಯಮನಪ್ಪ ಕಾಕಾನ ಮನೆಗೆ ಹೋದ. ದೈವದಲ್ಲಿ ಯಮನಪ್ಪನದೇ ಕಡೆಯ ಮಾತು.

“ಕಾಕಾ, ದೈವ ಕೂಡಿಸ್ರಿ.”

ಮುಂದಿನ ಸೋಮವಾರ ಕಟ್ಟೆ ತುಂಬಿತು. ಬನಹಟ್ಟಿಯವರೂ ಬಂದರು, ರಬಕವಿಯವರೂ ಬಂದರು. ಹೆಣ್ಣುಮಕ್ಕಳು ಬರುವ ಪದ್ಧತಿ ಇಲ್ಲ, ಅಂಜನಾಗೆ ಸುದ್ದಿಯನ್ನೂ ಹೇಳಿರಲಿಲ್ಲ. ಆಕೆ ಕಾಲೇಜಿಗೆ ಹೋಗಿದ್ದಳು. ಸಾತಪ್ಪ ಎದ್ದು ನಿಂತು, ಮಗ್ಗದ ಕೋಣೆಯ ದನಿಯಲ್ಲಿ, ಆದದ್ದನ್ನೆಲ್ಲ ಹೇಳಿದ. ಮಾಂತೇಶನ ಅಪ್ಪ ತಲೆ ಎತ್ತಲಿಲ್ಲ. ಯಮನಪ್ಪ ಕಾಕಾ ಕೆಮ್ಮಿ, “ಏನಪಾ ಮಾಂತೇಶ, ಕಲ್ತಾಂವ ನೀನು. ಏನಂತಿ?” ಎಂದ.

ಮಾಂತೇಶ ಕೈ ಜೋಡಿಸಿದ. “ನನ್ನ ಕಡಿಂದ ಏನರ ತಪ್ಪ ಆಗಿದ್ರ ಹಿರ್ಯಾರು ಹೊಟ್ಟ್ಯಾಗ ಹಾಕ್ಕೋಬೇಕು,” ಎಂದು ಬಂದು ಸಾತಪ್ಪನ ಕಾಲು ಮುಟ್ಟಿದ. ಅವನಪ್ಪ ಶಾಲು ಹೊದಿಸಿದ, ಕಾಯಿ ಕೈಗಿಟ್ಟ. ಯಾರೋ ಫೋಟೊ ಹೊಡೆದರು. ಸಾತಪ್ಪನ ಎದೆ ಉಬ್ಬಿತು. ಕಾಲೇಜಿನವರು ತಿಂಗಳುಗಟ್ಟಲೆ ಎಳೆಯುತ್ತಿರುವುದನ್ನು ತಾನು ಒಂದು ಮಧ್ಯಾಹ್ನದಲ್ಲಿ ಮುಗಿಸಿದ್ದೇನೆ ಎನ್ನಿಸಿತು. ಬಿಸಿಲಿದ್ದರೂ ಶಾಲು ತೆಗೆಯದೆ ಓಣಿಯ ತುಂಬ ನಡೆದು ಮನೆಗೆ ಬಂದ.

ಸಂಜೆ ಅಂಜನಾ ಬಂದಾಗ ಅವನು ಶಾಲು ಹೊದ್ದೇ ಕೂತಿದ್ದ.

“ಮುಗೀತವಾ! ದೈವದ ಮುಂದ ಕಾಲ ಬಿದ್ದ ಮಗಾ!”

“ಯಾರ ಕಾಲ?”

“ಯಾರ ಕಾಲಂದ್ರ? ನನ್ನ ಕಾಲ!”

ಅಂಜನಾ ಬ್ಯಾಗನ್ನು ಕೆಳಗೆ ಇಡಲಿಲ್ಲ. “ಅವ ನಿನ್ನ ಕೈ ಹಿಡದ ಎಳದಿದ್ದನೇನಪಾ?” ಎಂದು ಕೇಳಿ ಒಳಗೆ ಹೋದಳು.

ಸಾತಪ್ಪ ಹೆಂಡತಿಯ ಮುಖ ನೋಡಿದ. “ಏನಂತಾಳ ಈಕಿ? ಖುಷಿ ಪಡೂದ ಬಿಟ್ಟು?”

“ನನಗೇನ ಕೇಳ್ತೀರಿ?” ಎಂದಳು ತಾರವ್ವ. “ನನ್ನನ್ನರ ಕೇಳಿ ಹೋಗಿದ್ರ್ಯಾ?”

ಆ ವಾರದಲ್ಲೇ ಗುಟ್ಟು ಎನ್ನುವುದು ಉಳಿಯಲಿಲ್ಲ. ಅಂಜನಾ ಬಸ್ಸು ಹತ್ತಿದರೆ ಒಳಗಿನವರ ಮಾತು ನಿಲ್ಲುತ್ತಿತ್ತು. ನೀರಿಗೆ ಹೋದಲ್ಲಿ ಹಣಮಂತನ ಹೆಂಡತಿ, “ಬರೇ ಕೈಯಷ್ಟ ಹಿಡದಿದ್ನೋ?” ಎಂದು ತಾರವ್ವನನ್ನು ಕೇಳಿದಳು. ಇದರ ಮೇಲೆ ಯಮನಪ್ಪ ಕಾಕಾ ಮನೆಗೇ ಬಂದ. ಬಂದವನು ಚಹಾ ಕುಡಿಯುತ್ತ ಮೆಲ್ಲಗೆ ಮಾತು ತೆಗೆದ.

“ಸಾತಪ್ಪ, ಹುಡುಗಂದೂ ಲಗ್ನ ಆಗಿಲ್ಲ. ನಮ್ಮ ಪೈಕೀನ. ನೌಕರಿ ಐತಿ. ಹೆಂಗೂ ಇಬ್ಬರ ಹೆಸರೂ ಕೂಡ್ಯಾವು. ಅವರಪ್ಪ ತಯಾರ ಅದಾನ.”

ಸಾತಪ್ಪ ತಟ್ಟನೆ ಬೈಯಲಿಲ್ಲ. ಅದೇ ಅವನಿಗೆ ಆಮೇಲೆ ನಾಚಿಕೆಯಾದ ಸಂಗತಿ. ಒಂದು ಗಳಿಗೆ ಅವನ ಮನಸ್ಸು ಆ ಕಡೆ ವಾಲಿಬಿಟ್ಟಿತು. ಹಾಗಾದರೆ ಮಂದಿಯ ಬಾಯಿ ಮುಚ್ಚೀತು, ಎಲ್ಲವೂ ಒಂದು ದಂಡೆಗೆ ಹತ್ತೀತು. ಅಷ್ಟರಲ್ಲಿ ತಾರವ್ವ ರಾಟಿ ನಿಲ್ಲಿಸಿದಳು.

“ಕಾಕಾ, ಚಾ ಕುಡದ ಹೋಗ್ರಿ. ಈಗ ಆಡಿದ ಮಾತ ಇಲ್ಲೇ ಬಿಟ್ಟ ಹೋಗಬ್ಯಾಡ್ರಿ, ಜೋಡಿ ಒಯ್ಯಿರಿ. ನಮ್ಮ ಮನ್ಯಾಗ ಇಡಾಕ ಜಾಗಾ ಇಲ್ಲ.”

ಕಾಕಾ ಅರ್ಧ ಕಪ್ಪು ಬಿಟ್ಟು ಎದ್ದು ಹೋದ.

ಮರುದಿನ ಅಂಜನಾ ಕಾಲೇಜಿನಿಂದ ಬಂದು ಅಪ್ಪನ ಎದುರು ಕೂತಳು. ಮಾಂತೇಶ ಸಮಿತಿಗೆ ಆ ಫೋಟೊ ಕೊಟ್ಟಿದ್ದಾನೆ ಎಂದಳು. ಹುಡುಗಿಯ ತಂದೆ ದೊಡ್ಡ ಸಿಟ್ಟಿನವ, ಅವನ ಒತ್ತಾಯಕ್ಕೆ ಆಕೆ ದೂರು ಕೊಟ್ಟಿದ್ದಳು, ಈಗ ತಂದೆಯೇ ಶಾಲು ಹೊದ್ದು ರಾಜಿ ಆಗಿದ್ದಾನೆ, ಇನ್ನು ವಿಚಾರಣೆ ಯಾತಕ್ಕೆ ಎಂದು ಬರೆದಿದ್ದಾನೆ. ದೂರು ಬಿದ್ದುಹೋದರೆ ಅವನು ಮತ್ತೆ ಅದೇ ಕೋಣೆಯಲ್ಲಿ, ಅದೇ ಕುರ್ಚಿಯಲ್ಲಿ. ಸುಳ್ಳು ಹೇಳಿದವಳು ಎಂಬ ಹೆಸರು ಮಾತ್ರ ಇವಳಿಗೆ.

ಸಾತಪ್ಪ ಎದ್ದು ನಿಂತ. “ಕಾಲ ಮುಟ್ಟಿದಾಂವ ಹಿಂಗ ಮಾಡ್ತಾನ? ದೈವದ ಮುಂದ? ಕಡದ ಬಿಡ್ತೀನಿ ಅವನ್ನ!”

“ಕೂಡಪಾ. ಅದನ್ನ ಅಲ್ಲೇನು ಅವ ಬರದ ಕೊಟ್ಟಿದ್ದು, ಸಿಟ್ಟಿನಾಂವ ಅಂತ?”

ಸಾತಪ್ಪ ಕೂತ. ಏನು ಮಾಡಿದರೂ ತಪ್ಪೇ ಆಗುವ ಜಾಗಕ್ಕೆ ತಾನು ಬಂದಿದ್ದೇನೆ ಎಂದು ಅವನಿಗೆ ಅನಿಸಿತು. ಸುಮ್ಮನಿದ್ದಾಗ ಏನೂ ಆಗಲಿಲ್ಲ. ಸುಮ್ಮನಿರದಿದ್ದಾಗ ಇಷ್ಟೆಲ್ಲ ಆಯಿತು. ಕಡೆಗೆ ಅವನು ಸಣ್ಣ ದನಿಯಲ್ಲಿ ಕೇಳಿದ. ಅಷ್ಟು ಸಣ್ಣ ದನಿ ಅವನಲ್ಲಿದೆಯೆಂದು ತಾರವ್ವನಿಗೂ ಗೊತ್ತಿರಲಿಲ್ಲ.

“ನಿನಗೇನ ಬೇಕವಾ?”

“ಈ ಮಾತ ಮೊದಲ ಕೇಳಿದವರು ಮೇಡಂ,” ಎಂದಳು ಅಂಜನಾ. “ರಾಜಿ ಬೇಕಂದ್ರ ನೀನ ಹೇಳಬೇಕು, ನಿಮ್ಮಪ್ಪ ಹೇಳಿದ್ರ ನಡ್ಯಾಂಗಿಲ್ಲ ಅಂದ್ರು. ನನಗ ಯಾರೂ ಕಾಲ ಬೀಳೂದ ಬ್ಯಾಡಪಾ. ಅವನ್ನ ಬಡಿಯೂದೂ ಬ್ಯಾಡ. ನಾ ಹೇಳಿದ್ದು ಖರೇನೋ ಸುಳ್ಳೋ ಅನ್ನೂದನ್ನ ನಾಕ ಮಂದಿ ಕುಂತ, ಕೇಳಿ, ಬರದ ಕೊಡಬೇಕು. ಆಮ್ಯಾಲ ನನ್ನ ಪ್ರೊಜೆಕ್ಟ್ ನಾ ಮುಗಿಸ್ತೀನಿ. ನೀ ಬಂದು, ರಾಜಿ ಆದಾಂವ ನಾನು, ಆಕಿ ಅಲ್ಲ ಅಂತ ಹೇಳ್ತೀಯೇನು?”

ಹೇಳುವುದೇನು ದೊಡ್ಡದಲ್ಲ. ಆದರೆ ಹಾಗೆ ಹೇಳಿದರೆ ದೈವದ ಮಾತು ಮುರಿದಂತೆ. ಅವನ ಅಪ್ಪನ ಮಣ್ಣಿಗೆ ಹೆಗಲು ಕೊಟ್ಟವರು ಆ ಕಟ್ಟೆಯವರು. ನಾಳೆ ಇದೇ ಮಗಳ ಮದುವೆಗೆ ಅವರೇ ಬಂದು ನಿಲ್ಲಬೇಕು. ಸಾತಪ್ಪ ಎರಡು ದಿನ ಮಗ್ಗದ ಕೋಣೆ ಬಿಟ್ಟು ಹೊರಗೆ ಬರಲಿಲ್ಲ. ಮೂರನೆಯ ದಿನ ಶಾಲು ಮಡಚಿ ಬಗಲಲ್ಲಿ ಹಿಡಿದು ಯಮನಪ್ಪ ಕಾಕಾನ ಮನೆಗೆ ಹೋದ.

“ಏನಿದು?” ಎಂದ ಕಾಕಾ.

“ಶಾಲ ತಿರುಗಿ ಕೊಡಾಕ ಬಂದೇನ್ರಿ. ಕಾಯಿ ಒಡದ ಸಾರ ಮಾಡೇವಿ, ಅದನ್ನೇನ ಕೊಡಾಕ ಬರಾಂಗಿಲ್ಲ.”

“ದೈವದ ಮಾತ ಮುರೀತಿಯೇನಲೇ ಸಾತ್ಯಾ?”

“ನನ್ನ ಮಾತ ನಾ ಮುರ್ಯಾಕತ್ತೇನಿ. ಆಕಿ ಮಾತ ದೈವ ಕೇಳೇ ಇಲ್ಲಲ್ರಿ!”

“ಹೆಣ್ಣಹುಡುಗಿನ ಕಟ್ಟಿ ಮ್ಯಾಲ ಕರಸೂದಿತ್ತೇನ?”

ಕರೆಸಬೇಕಿತ್ತೋ ಬೇಡವೋ ಸಾತಪ್ಪನಿಗೂ ಗೊತ್ತಿರಲಿಲ್ಲ. ಕರೆಸಿದ್ದರೂ ಆಕೆ ಬರುತ್ತಿರಲಿಲ್ಲ, ಅದಂತೂ ಖಾತ್ರಿ. “ಅದೆಲ್ಲಾ ನನಗ ತಿಳ್ಯಾಂಗಿಲ್ರಿ ಕಾಕಾ,” ಎಂದು ಶಾಲನ್ನು ಕಾಕಾ ಕೂತ ಹೊರಸಿನ ಮೇಲಿಟ್ಟು ಬಂದುಬಿಟ್ಟ. ಕಾಕಾ ಕರೆಯಲಿಲ್ಲ.

ಸಮಿತಿಯ ದಿನ ಅವನು ಮಗಳ ಜೊತೆ ಜಮಖಂಡಿಗೆ ಹೋದ. ಆಕೆಯನ್ನು ಹೊರಗೆ ಕೂರಿಸಿ ಇವನನ್ನು ಒಬ್ಬನೇ ಒಳಗೆ ಕರೆದರು. ಉದ್ದ ಟೇಬಲ್ಲು. ಪೂರ್ಣಿಮಾ ಮೇಡಂ, ಇಬ್ಬರು ಲೆಕ್ಚರರು, ವಿದ್ಯಾರ್ಥಿನಿಯೊಬ್ಬಳು. ಮುಧೋಳದ ಕಡೆಯ ಒಬ್ಬ ಹಿರಿಯ ಹೆಂಗಸು, ಕಾಲೇಜಿನವರಲ್ಲದವರೂ ಒಬ್ಬರು ಇರಬೇಕು ಎಂಬ ಕಾಯ್ದೆಯಂತೆ ಬಂದವಳು. ಮಾಂತೇಶ ಅಲ್ಲಿರಲಿಲ್ಲ. ಇದ್ದಿದ್ದರೆ ಏನಾಗುತ್ತಿತ್ತೋ ಎಂದು ಸಾತಪ್ಪ ತಾನೇ ಹೆದರಿಕೊಂಡಿದ್ದ.

“ಫೋಟೋದಾಗ ಇರಾಂವ ನಾನ್ರಿ. ರಾಜಿ ಆದಾಂವ ನಾನು. ಆಕಿಗೆ ಗೊತ್ತಿರಲಿಲ್ಲ,” ಎಂದ. ಒಂದೇ ಉಸಿರಿಗೆ ಹೇಳಿ ಮುಗಿಸಿ, ಏಳಲು ನೋಡಿದ.

ಮುಧೋಳದ ಹೆಂಗಸು ಕೇಳಿದಳು. “ಆಕಿನ್ನ ಕೇಳಲಿಲ್ಲೇನ್ರಿ?”

“ಇಲ್ರಿ.”

“ಯಾಕ್ರಿ?”

“ನಾ ಅಪ್ಪ ಅದೀನಲ್ರಿ!”

ಬರೆದುಕೊಳ್ಳುತ್ತಿದ್ದ ವಿದ್ಯಾರ್ಥಿನಿ ಅದನ್ನೂ ಬರೆದುಕೊಂಡಳು. ನಾನು ಅಪ್ಪ ಎನ್ನುವುದೇ ಸಾಕಷ್ಟು ಉತ್ತರವಾಗಿತ್ತು ಇಷ್ಟು ವರ್ಷ. ಆ ಕೋಣೆಯಲ್ಲಿ ಅದನ್ನು ತನ್ನ ಕಿವಿಯಿಂದಲೇ ಕೇಳಿದಾಗ ಅದು ಎಂಥ ಉತ್ತರ ಎಂದು ಅವನಿಗೆ ಬಗೆಹರಿಯಲಿಲ್ಲ.

ಪೂರ್ಣಿಮಾ ಮೇಡಂ ಒಂದು ಹಾಳೆ ನೋಡಿ, “ಮಾಂತೇಶ ಅವರ ಕಡಿಂದ ಬಂದ ಪ್ರಶ್ನೆ ಇದು, ನಾವು ನಿಮಗ ಕೇಳಲೇಬೇಕ್ರಿ,” ಎಂದಳು. “ನೀವು ಹೆದರಿಸಿ ಮಗಳ ಕಡಿಂದ ಈ ದೂರ ಕೊಡಿಸೀರೇನು?”

ಸಾತಪ್ಪನ ತಾಳ್ಮೆ ಅಲ್ಲಿಗೆ ಹರಿಯಿತು. ಟೇಬಲ್ಲು ಗುದ್ದಿ ಎದ್ದ. “ಏನ ಕೊಡಸೋದ್ರಿ ನಾನು? ದೂರ ಕೊಟ್ಟದ್ದ ನನಗ ಗೊತ್ತ ಇರಲಿಲ್ಲ! ಅವತ್ತ ನಾ ಗೇಟಿನಾಗ ಒದರಾಕತ್ತಿದ್ದೆ, ನೀವ ಹೇಳಿದ್ರಲ್ಲ ನಿಮ್ಮ ಕ್ವಾಣ್ಯಾಗ, ಮುಂಜಾನೇನ ಕೊಟ್ಟ ಹೋಗ್ಯಾಳ ಅಂತ! ಅಪ್ಪನ ಮುಂದ ಹೇಳೂಕಿಂತ ಮೊದಲ ನಿಮ್ಮ ಮುಂದ ಹೇಳ್ಯಾಳ ಆಕಿ! ಅದನ್ನ ನಾ ಯಾರ ಮುಂದ ಹೇಳ್ಕೊಳ್ಳಿ?”

ದನಿ ಹೊರಗಿನ ಹಾದಿಯ ತನಕ ಹೋಗಿತ್ತು. ಹೊರಗೆ ಬಂದಾಗ ಅಂಜನಾ ಬೆಂಚಿನಿಂದ ಎದ್ದು ನಿಂತಿದ್ದಳು. ಕೆಡಿಸಿಬಿಟ್ಟೆ ಎಂದುಕೊಂಡ ಅವನು ಮುಖ ಎತ್ತಲಿಲ್ಲ. “ಮತ್ತ ಒದರಿದೆನವಾ,” ಎಂದ. “ಕೇಳಿಸ್ತು,” ಎಂದಳು ಆಕೆ. ಬೈದಳೋ ನಕ್ಕಳೋ, ಅದೂ ತಿಳಿಯಲಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಆಕೆಯೇ ಅವನಿಗೆ ಚಹಾ ಕೊಡಿಸಿದಳು.

ಬೇಸಗೆ ಬರುವ ಹೊತ್ತಿಗೆ ಸಮಿತಿಯ ತೀರ್ಮಾನ ಬಂತು. ಅಂಜನಾ ಮನೆಗೆ ಬಂದು ಅವ್ವನ ಪಕ್ಕ ಕೂತು ಹೇಳಿದಳು, ಈ ಸಲ ಅಪ್ಪನಿಗೂ ಕೇಳಿಸುವ ಹಾಗೆ. “ನಾ ಹೇಳಿದ್ದು ಖರೆ ಅಂತ ಬರದಾರ.” ಇಷ್ಟು ಹೇಳುವಾಗ ಮಾತ್ರ ಆಕೆಯ ಕಣ್ಣು ತುಂಬಿದವು. ತಾರವ್ವ ಮಗಳ ತಲೆಯನ್ನು ತನ್ನ ಮಡಿಲಿಗೆ ಎಳೆದುಕೊಂಡಳು.

“ಮತ್ತ ಅವಗ?” ಎಂದ ಸಾತಪ್ಪ. “ಬಡದರೋ, ತಗದರೋ, ಏನ ಮಾಡಿದ್ರು?”

“ಏನ ಮಾಡಬೇಕಂತ ಸಮಿತಿಯವರು ಮ್ಯಾಲಿನವರಿಗೆ ಬರದ ಕಳಸ್ಯಾರ. ಅದನ್ನ ಹೊರಗ ಹೇಳೂಹಂಗಿಲ್ಲಪಾ.”

“ನೀ ಒಮ್ಮೆ ಹೇಳಿ ಬಿಡ ನಮ್ಮವ್ವ, ನಾ ಯಾರ ಮುಂದೂ…” ಎನ್ನುತ್ತಿದ್ದವನು ಅಲ್ಲಿಗೇ ನಿಲ್ಲಿಸಿದ. ಯಾರ ಮುಂದೂ ಹೇಳುವುದಿಲ್ಲ ಎಂದು ಯಾವ ಬಾಯಿಂದ ಹೇಳಬೇಕು?

ಪರೀಕ್ಷೆಗೆ ಮುಂಚೆ ಅಂಜನಾ ಬೇರೆ ಗೈಡ್ ಹತ್ತಿರ ಪ್ರೊಜೆಕ್ಟ್ ಒಪ್ಪಿಸಿದಳು. ಮಾಂತೇಶ ಆಕೆಯ ಕ್ಲಾಸಿಗೆ ಬರುವುದು ನಿಂತಿತ್ತು. ರಜೆಯ ಮೇಲಿದ್ದಾನೋ, ಕಳಿಸಿದರೋ, ತಾನಾಗಿ ಹೋದನೋ, ಓಣಿಯಲ್ಲಿ ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದರು. ಯಮನಪ್ಪ ಕಾಕಾ ಎದುರಿಗೆ ಸಿಕ್ಕರೆ ಓಣಿಯ ಆ ದಂಡೆಗೆ ಸರಿದು ಹೋಗುತ್ತಿದ್ದ.

ಒಂದು ದಿನ ಹಣಮಂತ ಬಾಗಿಲಲ್ಲಿ ನಿಂತು ಕೇಳಿಯೇಬಿಟ್ಟ. “ಏನಾತಲೇ ಕಡೀಕ? ಗೆದ್ರ್ಯೋ, ಸೋತ್ರ್ಯೋ?”

ಸಾತಪ್ಪನಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ಶಾಲಿಲ್ಲ, ಕಾಯಿಲ್ಲ, ಕಾಲು ಮುಟ್ಟಿದವರಿಲ್ಲ. ಗೆದ್ದವರ ಮನೆ ಹೀಗಿರುವುದನ್ನು ಅವನು ಕಂಡೇ ಇರಲಿಲ್ಲ. ಆದರೆ ಮಗಳು ಮುಂಜಾನೆ ಹಾಡು ಗುನುಗುತ್ತ ಬಸ್ಸಿಗೆ ಹೋಗಿದ್ದಳು, ಅದನ್ನಂತೂ ಕಂಡಿದ್ದ.

“ನನಗ ಗೊತ್ತಿಲ್ಲ. ಆಕಿನ್ನ ಕೇಳ ಹೋಗು,” ಎಂದ. ಹಣಮಂತ ಹೊರಡಲು ತಿರುಗಿದ. ಸಾತಪ್ಪ ಗಾಬರಿಯಾಗಿ ಅವನ ತೋಳು ಹಿಡಿದ.

“ಬ್ಯಾಡ ಬ್ಯಾಡ. ಆಕಿನ್ನೂ ಕೇಳಬ್ಯಾಡ. ಗೆದ್ದೀಯೋ ಸೋತೀಯೋ ಅಂತ ನಾನ ಕೇಳಿಲ್ಲ.”